ಡಮಾಮಿಯ ದನಿ: ಹಿರಿಯರ ಮದ್ದು, ಕಡಲಾಚೆಯ ಹಾಡು

ಪಲ್ಲಾವರಂ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗತಕ್ಕದ್ದು ಶುಕ್ರವಾರದ ಸಂತೆ, ನೆತ್ತಿಯ ಮೇಲೆ ಇಳಿಯುವ ವಿಮಾನ, ಹೆದ್ದಾರಿಯ ಸಂದಣಿ, ಇಷ್ಟೆ. ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಇನ್ನೆರಡು ಸಂಗತಿಗಳು ತಿಳಿದಿರುತ್ತವೆ. ಏಳನೆಯ ಶತಮಾನದ ಆದಿಭಾಗದಲ್ಲಿ ಪಲ್ಲವ ಮಹೇಂದ್ರವರ್ಮನು ಇಲ್ಲಿಯ ಗುಡ್ಡದ ಬಂಡೆಯನ್ನು ಕೊರೆಯಿಸಿ ಗುಹಾಲಯವನ್ನು ಮಾಡಿಸಿದನು. ಅವನ ಬಿರುದುಗಳನ್ನು ಕೆತ್ತಿದ ಆ ಗುಹೆ ಇಂದು ದರ್ಗಾ ಆಗಿದೆ. ಎರಡನೆಯದು ಅದಕ್ಕಿಂತಲೂ ಬಹು ಹಿಂದಿನ ಕಾಲಕ್ಕೆ ಸೇರಿದ್ದು. ೧೮೬೩ನೆಯ ಇಸವಿ ಮೇ ೩೦ರಂದು ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬಾತನು ಇಲ್ಲಿಯ ಜಂಬಿಟ್ಟಿಗೆಯ ಜಲ್ಲಿಯ ಗುಂಡಿಯಲ್ಲಿ ಆದಿಮಾನವನ ಕಲ್ಲುಕೊಡಲಿಯೊಂದನ್ನು ಕಂಡನು. ಭಾರತದ ಪ್ರಾಗಿತಿಹಾಸ ಶಾಸ್ತ್ರಕ್ಕೆ ಅದೇ ಮೊದಲ ಹೆಜ್ಜೆಯೆಂದು ವಿದ್ವಾಂಸರು ಎಣಿಸುತ್ತಾರೆ. ಆತನು ಕೂಡಿಟ್ಟ ಶಿಲಾಯುಧಗಳು ಎಗ್ಮೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಮಕ್ಕಳನ್ನು ಒಮ್ಮೆ ಕರೆದೊಯ್ದು ತೋರಿಸಬಹುದು.

ಇದೇ ಫೂಟನು ತರುವಾಯ ಬಳ್ಳಾರಿಯ ಕಡೆಗೂ ಹೋಗಿ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳ ಸುತ್ತ ನವಶಿಲಾಯುಗದ ನೆಲೆಗಳನ್ನು ಕುರಿತು ಬರೆದನು. ಆ ಗುಡ್ಡದಲ್ಲಿ ಕಪ್ಪು ಬಂಡೆಗಳ ಒಂದು ಸಾಲು ಉಂಟು. ಅವುಗಳಲ್ಲಿ ಕೆಲವನ್ನು ಗುಂಡುಕಲ್ಲಿನಿಂದ ಕುಟ್ಟಿದರೆ ಜಾಗಟೆಯಂತೆ ನಾದ ಹೊರಡುತ್ತದೆ. ಕುಟ್ಟಿ ಕುಟ್ಟಿ ಬಂಡೆಯ ಮೈಯಲ್ಲಿ ಬಟ್ಟಲಿನಂತಹ ಕುಳಿಗಳು ಬಿದ್ದಿವೆ. ೧೮೯೨ರಲ್ಲಿಯೇ ಇದನ್ನು ಕುರಿತು ವರದಿ ಬಂದಿತ್ತು. ಕನ್ನಡನಾಡಿನ ಅತಿ ಹಳೆಯ ವಾದ್ಯವೆಂದರೆ ಈ ಬಂಡೆಯೇ ಎನ್ನಲು ಅಡ್ಡಿಯಿಲ್ಲ. ಆದರೆ ಬಂಡೆಗೆ ಮಾತು ಬಾರದು. ಅದನ್ನು ನುಡಿಸಿದವರು ಮಳೆಗಾಗಿ ನುಡಿಸಿದರೋ, ಮಗುವಿನ ಜ್ವರ ಇಳಿಯಲೆಂದು ನುಡಿಸಿದರೋ, ಹೇಳಬಲ್ಲವರು ಉಳಿದಿಲ್ಲ. ನುಡಿಸುವ ಕೈಯೂ, ಏತಕ್ಕೆ ನುಡಿಸುತ್ತೇವೆಂಬ ನೆನಪೂ ಎರಡೂ ಕೂಡಿ ಉಳಿದಿರುವ ಕಡೆಗೆ ಹೋಗಬೇಕಾದರೆ ಬಳ್ಳಾರಿಯಿಂದ ಪಡುವಣಕ್ಕೆ, ಯಲ್ಲಾಪುರದ ಕಾಡಿಗೆ ಹೋಗಬೇಕು. ಅಲ್ಲಿಯ ಸಿದ್ದಿ ಜನರನ್ನೂ ಅವರ ಡಮಾಮಿಯನ್ನೂ ಕುರಿತು ಬರೆಯುವುದು ಈ ಲೇಖನದ ಉದ್ದೇಶ.

ಸಿದ್ದಿಗಳೆಂದರೆ ಯಾರು? ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಶಿರಸಿ ಸೀಮೆಗಳಲ್ಲಿಯೂ, ಬೆಳಗಾವಿ ಧಾರವಾಡ ಜಿಲ್ಲೆಗಳ ಅಂಚಿನ ಕಾಡುಗಳಲ್ಲಿಯೂ ವಾಸಿಸುವ, ಆಫ್ರಿಕಾ ಮೂಲದ ಜನ. ಗುಂಗುರುಗೂದಲು, ಕಪ್ಪು ಮೈಬಣ್ಣ. ಬಾಯಿ ತೆರೆದರೆ ಕೊಂಕಣಿ, ಕನ್ನಡ, ಮರಾಠಿ ಬೆರೆತ ಮಾತು. ಅವರಲ್ಲಿ ಹಿಂದುಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮತ ಮೂರಾದರೂ ‘ನಾವು ಸಿದ್ದಿಗಳು’ ಎಂಬ ಮಾತು ಒಂದೇ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು. ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಭೆಯಲ್ಲಿ ಕುಳಿತ ಮೊದಲ ಸಿದ್ದಿಯಾದರು.

ಅವರು ಇಲ್ಲಿಗೆ ಬಂದ ಕಥೆ ಸುಖದ್ದಲ್ಲ. ಅರಬ್ಬೀ ಸಮುದ್ರದ ಆಚೆ ಈಚೆ ಆಫ್ರಿಕದವರ ಓಡಾಟ ಬಹು ಪುರಾತನವಾದದ್ದು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದುಹೋದ ಇಬ್ನ್ ಬತೂತನು ಈ ಕಡಲಿನ ಹಡಗುಗಳಿಗೆ ಹಬಶಿ ಕಾವಲುಗಾರರೇ ರಕ್ಷೆಯೆಂದು ಬರೆದಿದ್ದಾನೆ. ಹಬಶಿಗಳು ದಖ್ಖನಿನ ಸುಲ್ತಾನರ ಸೇನೆಗಳಲ್ಲಿ ಏರಿ ದೊಡ್ಡ ಪದವಿಗಳಿಗೆ ಬಂದರು. ಅಹಮದನಗರದ ಮಲಿಕ್ ಅಂಬರನ ಹೆಸರು ಶಾಲೆಯ ಪುಸ್ತಕದಲ್ಲಿಯೇ ಇದೆ. ಬಿಜಾಪುರದಲ್ಲಿ, ಗೋಳಗುಮ್ಮಟದ ಮಹಮ್ಮದ್ ಆದಿಲಶಾಹನ ಪಕ್ಕದಲ್ಲಿ, ಇಖ್ಲಾಸ್ ಖಾನನೆಂಬ ಹಬಶಿ ಮಂತ್ರಿ ನಿಂತಿರುವ ಚಿತ್ರಗಳು ಇಂದಿಗೂ ಉಳಿದಿವೆ. ಕಡಲು ಒಂದೇ. ಅದೇ ಕಡಲ ದಾರಿಯಲ್ಲಿ ಬಂದ ಕೆಲವರು ಪಲ್ಲಕ್ಕಿ ಏರಿದರು, ಕೆಲವರು ಅದನ್ನು ಹೊತ್ತರು. ನಮ್ಮ ಸಿದ್ದಿಗಳ ಪೂರ್ವಿಕರಲ್ಲಿ ಬಹುಮಂದಿ ಎರಡನೆಯ ಗುಂಪಿನವರು. ೧೫೧೦ರಲ್ಲಿ ಪೋರ್ಚುಗೀಸರು ಆದಿಲಶಾಹನಿಂದ ಗೋವೆಯನ್ನು ಕಿತ್ತುಕೊಂಡ ಮೇಲೆ ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ತೀರಗಳಿಂದ ಹಡಗು ಹಡಗಾಗಿ ಗುಲಾಮರು ಬಂದಿಳಿದರು. ಹದಿನಾರನೆಯ ಶತಮಾನದ ಕೊನೆಯಲ್ಲಿ ಗೋವೆಯಲ್ಲಿದ್ದ ಡಚ್ಚರ ಲಿನ್ಸ್‌ಕೋಟನೂ, ೧೬೦೮ರಲ್ಲಿ ಅಲ್ಲಿಗೆ ಬಂದ ಫ್ರೆಂಚರ ಪಿರಾರ್ಡನೂ ಪೇಟೆಯ ದೊಡ್ಡ ಬೀದಿಯಲ್ಲಿ ಸರಕುಗಳ ಜತೆಗೆ ಮನುಷ್ಯರನ್ನೂ ಹರಾಜು ಹಾಕುತ್ತಿದ್ದುದನ್ನು ವರ್ಣಿಸಿದ್ದಾರೆ. ದಿನವೂ ಜಮಾ ಖರ್ಚು ಬರೆಯುವ ನನ್ನಂಥವನಿಗೆ ಒಂದು ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ: ಕುದುರೆ, ಬಟ್ಟೆ, ಮನುಷ್ಯ, ಮೂರಕ್ಕೂ ಅಲ್ಲಿ ಒಂದೇ ಬಗೆಯ ಲೆಕ್ಕ.

ತಪ್ಪಿಸಿಕೊಂಡವರು ಘಟ್ಟವನ್ನು ಹತ್ತಿ ಕಾಡು ಸೇರಿದರು. ಗೋವೆಯ ಗಡಿಯಿಂದ ಹಳಿಯಾಳ, ಯಲ್ಲಾಪುರಗಳಿಗೆ ದೂರ ಬಹಳವಿಲ್ಲ, ಅಡವಿ ಮಾತ್ರ ದಟ್ಟ. ಗುಲಾಮಗಿರಿ ಕಾನೂನಿನ ಮೇರೆಗೆ ಬ್ರಿಟಿಷ್ ಇಂಡಿಯಾದಲ್ಲಿ ೧೮೪೩ರಲ್ಲಿ ನಿಂತಿತು. ಪೋರ್ಚುಗೀಸರ ರಾಜ್ಯದಲ್ಲಿ ೧೮೬೯ರ ಆಜ್ಞೆಯಾದ ಮೇಲೂ ಕೆಲವು ವರ್ಷ ಎಳೆಯಿತು. ಕಾಡಿಗೆ ಬಂದವರು ಗದ್ದೆ, ಅಡಿಕೆ ತೋಟಗಳ ಕೂಲಿಗಳಾದರು, ಜೀತದವರಾದರು. ೨೦೧೧ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಗಳು ಇವರ ರಕ್ತದ ದೊಡ್ಡ ಪಾಲು ಬಾಂಟು ಭಾಷೆಗಳನ್ನಾಡುವ ಆಫ್ರಿಕದವರದೆಂದೂ, ಭಾರತೀಯರ ಮತ್ತು ಸ್ವಲ್ಪಮಟ್ಟಿಗೆ ಯೂರೋಪಿನವರ ಬೆರಕೆ ಅದರಲ್ಲಿದೆಯೆಂದೂ ತೋರಿಸಿದವು. ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದೂ ಇದನ್ನೇ.

ಹೀಗೆ ಬಂದವರಲ್ಲಿ ಏನು ಉಳಿಯಿತು, ಏನು ಹೋಯಿತು? ಭಾಷೆ ಹೋಯಿತು. ಮೊಜಾಂಬಿಕಿನ ಯಾವ ನುಡಿಯನ್ನೂ ಇಂದು ಯಾವ ಸಿದ್ದಿಯೂ ಮಾತನಾಡುವುದಿಲ್ಲ. ಕುಲದ ಹೆಸರು, ಊರಿನ ಹೆಸರು ಹೋದವು. ಉಳಿದವು ಎರಡು. ಒಂದು ಹಿರಿಯರ ಪೂಜೆ. ಮನೆಯ ಒಂದು ಮೂಲೆಯಲ್ಲಿ ತೆಂಗಿನಕಾಯಿಯನ್ನಿಟ್ಟು ಅದರಲ್ಲಿ ‘ಹಿರಿಯರು’ ನೆಲೆಸಿದ್ದಾರೆಂದು ಭಾವಿಸಿ ನಡೆದುಕೊಳ್ಳುವುದು. ಮನೆಯಲ್ಲಿ ಕಾಯಿಲೆ ಬಂದರೆ, ಕೂಡಿದ ಕೆಲಸ ಕೆಟ್ಟರೆ, ಮೊದಲು ನೆನೆಯುವುದು ಹಿರಿಯರನ್ನು. ಗಾನಾ ದೇಶದಲ್ಲಿ ಹುಟ್ಟಿದ ಪಾಷಿಂಗ್ಟನ್ ಒಬೆಂಗ್ ಎಂಬ ವಿದ್ವಾಂಸರು ಸಿದ್ದಿಗಳನ್ನು ಕುರಿತು ೨೦೦೭ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಬಹಳ ಪ್ರಾಧಾನ್ಯ ಕೊಟ್ಟಿದ್ದಾರೆ. ಅದಕ್ಕೂ ಮುಂಚೆ, ೧೯೭೬ರಲ್ಲಿಯೇ, ನಮ್ಮ ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಮೇಲೆ ಒಂದು ಪುಸ್ತಕವನ್ನು ಬರೆದರು. ಎರಡನೆಯದು ಡಮಾಮಿ. ಎರಡೂ ಬದಿಗೆ ಚರ್ಮ ಬಿಗಿದ ಉದ್ದನೆಯ ಮರದ ವಾದ್ಯ, ಅದರ ಸುತ್ತ ಕುಣಿತ, ಒಬ್ಬರು ಹೇಳಿದುದಕ್ಕೆ ಉಳಿದವರ ಮರುದನಿ. ಹೆಂಗಸರಿಗೆ ಪುಗಡಿ ಎಂಬ ಕುಣಿತ ಬೇರೆ ಇದೆ.

ಹೆಸರಿನ ವಿಷಯ ಸ್ವಲ್ಪ ಆಲೋಚಿಸತಕ್ಕದ್ದು. ದಮಾಮ ಎಂಬುದು ಪಾರಸಿ ಶಬ್ದ. ಮೊಗಲರ, ಸುಲ್ತಾನರ ನಗಾರಿಖಾನೆಗಳಲ್ಲಿ ಬಾರಿಸುತ್ತಿದ್ದ ದೊಡ್ಡ ನಗಾರಿಯ ಹೆಸರು. ಅಂದಮೇಲೆ ಕಾಡಿನ ಸಿದ್ದಿಯ ವಾದ್ಯಕ್ಕೆ ಅರಮನೆಯ ಹೆಸರು ಅಂಟಿಕೊಂಡಂತಾಯಿತು. ಗುಜರಾತಿನ ಸಿದ್ದಿಗಳಲ್ಲಿ ಹೀಗಾಗಲಿಲ್ಲ. ಅವರು ತಮ್ಮ ಕುಣಿತಕ್ಕೆ ಇಂದಿಗೂ ‘ಗೋಮ’ ಎನ್ನುತ್ತಾರೆ. ಬಾಂಟು ನುಡಿಗಳ ‘ಙೋಮ’ ಎಂಬ ಶಬ್ದವೇ ಅದು. ಈ ಒಂದು ಶಬ್ದದಲ್ಲಿ ನಮ್ಮ ವಿಷಯದ ತಿರುಳೆಲ್ಲ ಅಡಗಿದೆ. ಙೋಮ ಎಂದರೆ ಮದ್ದಳೆ. ಙೋಮ ಎಂದರೆ ಮದ್ದಳೆಯ ಕುಣಿತ. ಙೋಮ ಎಂದರೆ ಮದ್ದಳೆ ಬಾರಿಸಿ ರೋಗವನ್ನು ಕಳೆಯುವ ಕ್ರಮವೂ ಹೌದು. ವಾದ್ಯಕ್ಕೂ ವೈದ್ಯಕ್ಕೂ ಅಲ್ಲಿ ಹೆಸರೇ ಒಂದು.

ಗುಜರಾತಿನ ಭರೂಚ್ ಜಿಲ್ಲೆಯ ರತನಪುರದ ಗುಡ್ಡದ ಮೇಲೆ ಬಾವಾ ಗೋರನ ದರ್ಗಾ ಇದೆ. ಬಾವಾ ಗೋರನು ಅಕೀಕು ಕಲ್ಲಿನ ವ್ಯಾಪಾರಕ್ಕೆ ಸಂಬಂಧಪಟ್ಟ ಹಬಶಿ ಸಂತ. ಅವನ ತಂಗಿ ಮಾಯಿ ಮಿಶ್ರಾ. ಗುಡ್ಡದಲ್ಲಿದ್ದ ರಾಕ್ಷಸಿಯನ್ನು ಅಡಗಿಸಿದವಳು ತಂಗಿಯೇ ಎಂದು ಅಲ್ಲಿಯವರ ಕಥೆ. ಮೈಮೇಲೆ ಗಾಳಿ ಬಂದವರು, ಮನಸ್ಸು ಕದಡಿದವರು, ಮಕ್ಕಳಿಲ್ಲದ ಹೆಂಗಸರು, ಹಿಂದು ಮುಸಲ್ಮಾನ ಪಾರಸಿಗಳೆಂಬ ಭೇದವಿಲ್ಲದೆ ಅಲ್ಲಿಗೆ ಬರುತ್ತಾರೆ. ಸಿದ್ದಿ ಫಕೀರರು ಮುಗರ್‌ಮಾನ್ ಎಂಬ ಕಾಲುಳ್ಳ ನಗಾರಿಯನ್ನು ಬಾರಿಸುತ್ತಾರೆ, ಮಲುಂಗ ಎಂಬ ಒಂಟಿ ತಂತಿಯ ಬಿಲ್ಲನ್ನು ಮೀಟುತ್ತಾರೆ, ತೆಂಗಿನ ಕರಟದ ಗಿಲಕಿಯನ್ನು ಆಡಿಸುತ್ತಾರೆ. ಆ ಗಿಲಕಿಯ ಹೆಸರೂ ಮಾಯಿ ಮಿಶ್ರಾ. ಈ ಶತಮಾನದ ಆರಂಭದಲ್ಲಿ ಇವರಲ್ಲಿ ಕೆಲವರು ‘ಸಿದಿ ಗೋಮ’ ಎಂಬ ಮೇಳವಾಗಿ ಬ್ರಿಟನ್, ಅಮೆರಿಕಾ ದೇಶಗಳ ರಂಗಮಂಚಗಳಿಗೆ ಹೋಗಿಬಂದರು. ಹಿರಿಯರ ಚಿಕಿತ್ಸಾಪದ್ಧತಿ ಹೀಗೆ ಟಿಕೆಟ್ಟು ಕೊಂಡು ನೋಡುವ ಕಛೇರಿಯಾಯಿತು. ಇದರಿಂದ ಅವರಿಗೆ ನಾಲ್ಕು ಕಾಸೂ ಮಾನವೂ ದೊರೆತವೆಂಬುದು ನಿಜ. ಆ ಕುಣಿತ ಯಾರ ಕಾಯಿಲೆಗಾಗಿ ಹುಟ್ಟಿತೋ ಅವರು ಆ ಸಭಾಂಗಣದಲ್ಲಿ ಇರಲಿಲ್ಲವೆಂಬುದೂ ನಿಜ.

ಇಷ್ಟು ಹೇಳಿದ ಮೇಲೆ ಅಮೆರಿಕದ ಬ್ಲೂಸ್ ಎಂಬ ಹಾಡಿನ ಮಾತು ಬರದೆ ಇರದು. ನಮ್ಮ ಮನೆಗಳ ಹುಡುಗರು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಸಂಗೀತದಲ್ಲಿ ಅರ್ಧಕ್ಕೆ ಮೂಲ ಅದೇ. ಇಂಗ್ಲಿಷಿನಲ್ಲಿ ಮನಸ್ಸಿನ ಖಿನ್ನತೆಗೆ ನೀಲಿಬಣ್ಣದ ಹೆಸರನ್ನು ಹೇಳುವ ರೂಢಿಯಿಂದ ಈ ಹೆಸರು ಬಂತು. ಅಟ್ಲಾಂಟಿಕ್ ದಾಟಿಸಿ ಒಯ್ದ ಗುಲಾಮರು ಬಹುಮಟ್ಟಿಗೆ ಪಶ್ಚಿಮ ಮತ್ತು ಮಧ್ಯ ಆಫ್ರಿಕದವರು. ನಮ್ಮ ಸಿದ್ದಿಗಳು ಪೂರ್ವದವರು. ಆದಕಾರಣ ಇಬ್ಬರನ್ನೂ ಒಡಹುಟ್ಟಿದವರೆನ್ನುವುದು ತಪ್ಪು, ದೂರದ ದಾಯಾದಿಗಳೆನ್ನಬಹುದು. ೧೭೩೯ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ಎಂಬಲ್ಲಿ ಗುಲಾಮರು ದಂಗೆಯೆದ್ದರು, ಮದ್ದಳೆ ಬಾರಿಸುತ್ತ ನಡೆದರು. ಮರುವರ್ಷದ ಕಾನೂನು ಅವರು ಮದ್ದಳೆ ಕೊಂಬುಗಳನ್ನು ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಕೈಯಿಂದ ಮದ್ದಳೆಯನ್ನು ಕಿತ್ತುಕೊಂಡರೆ ತಾಳ ಎಲ್ಲಿಗೆ ಹೋಗಬೇಕು? ಅಂಗೈಗೆ, ಪಾದಕ್ಕೆ, ಗಂಟಲಿಗೆ ಹೋಯಿತು. ಗೋಡೆಗೆ ಮೊಳೆ ಹೊಡೆದು ಒಂದು ತಂತಿಯನ್ನು ಬಿಗಿದು ಸೀಸೆಯಿಂದ ಒತ್ತಿ ನುಡಿಸುವ ವಾದ್ಯವೊಂದು ಮಿಸಿಸಿಪ್ಪಿಯ ಬಡವರ ಮನೆಗಳಲ್ಲಿತ್ತು. ರತನಪುರದ ಮಲುಂಗಕ್ಕೂ ಅದಕ್ಕೂ ಹೋಲಿಕೆ ಸ್ಪಷ್ಟ. ನಮ್ಮ ಎಲ್ಲಮ್ಮನ ಜೋಗತಿಯರ ಚೌಡಿಕೆಯ ಒಂಟಿ ತಂತಿಯನ್ನು ಕೇಳಿದವರಿಗೆ ಆ ಜಗ್ಗುವ ದನಿ ಹೊಸದಾಗಿ ತೋರದು.

೧೯೦೩ರ ಸುಮಾರಿಗೆ ಡಬ್ಲ್ಯು. ಸಿ. ಹ್ಯಾಂಡಿ ಎಂಬ ವಾದ್ಯಗಾರರು ಮಿಸಿಸಿಪ್ಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಿದ್ದಾಗ, ಹರಕು ಬಟ್ಟೆಯ ಕರಿಯನೊಬ್ಬ ಗಿಟಾರಿನ ತಂತಿಯ ಮೇಲೆ ಚಾಕುವನ್ನೊತ್ತಿ ನುಡಿಸುತ್ತ ಹಾಡುತ್ತಿದ್ದುದನ್ನು ಕೇಳಿದರು. ಅವರು ಬ್ಲೂಸನ್ನು ಕಾಗದಕ್ಕಿಳಿಸಿ ೧೯೧೨ರಲ್ಲಿ ಅಚ್ಚು ಹಾಕಿಸಿದರು. ೧೯೨೦ರಲ್ಲಿ ಮೇಮಿ ಸ್ಮಿತ್ ಎಂಬಾಕೆಯ ತಟ್ಟೆ ಬಂದಮೇಲೆ ಅದು ಮನೆಮನೆಗೂ ಹೋಯಿತು. ಲಕ್ಷಣವೇನೆಂದರೆ, ಒಂದು ಸಾಲನ್ನು ಎರಡು ಸಾರಿ ಹಾಡಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ಸ್ವರದ ವಿಷಯದಲ್ಲಿ, ಡಿಸೆಂಬರದ ಸಭೆಗಳಲ್ಲಿ ಕೂತು ಕಿವಿ ಪಳಗಿದ ನಮ್ಮವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಬ್ಲೂಸಿನ ಗಾಂಧಾರ ಸಾಧಾರಣಕ್ಕೂ ಅಂತರಕ್ಕೂ ನಡುವೆ ತೂಗಾಡುತ್ತಿರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಪಿಯಾನೋದ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ. ಗಮಕ ಬಲ್ಲವರಿಗೆ ಅದರ ರುಚಿ ತಾನಾಗಿಯೇ ಹತ್ತುತ್ತದೆ.

ಬ್ಲೂಸಿಗೂ ಮದ್ದಿಗೂ ನಂಟು ಇತ್ತು. ಅಮೆರಿಕದ ದಕ್ಷಿಣದ ಕರಿಯರಲ್ಲಿ ‘ಬೇರಿನ ವೈದ್ಯ’ರೆಂಬವರು ಇದ್ದರು. ಬೇರು ನಾರುಗಳನ್ನು ಚೀಲದಲ್ಲಿ ಕಟ್ಟಿ, ಮಂತ್ರಿಸಿ, ಕಷ್ಟಕ್ಕೆ ಒದಗುವಂತೆ ಕೊಡುತ್ತಿದ್ದರು. ನಮ್ಮ ತಾಯಿತದ ಅಣ್ಣನೋ ತಮ್ಮನೋ ಎನ್ನಿ. ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ೧೯೫೪ರಲ್ಲಿ ಹಾಡಿದ ಪ್ರಸಿದ್ಧ ಹಾಡಿನಲ್ಲಿ ಅಂಥ ಬೇರೊಂದರ ಹೆಸರೇ ಬರುತ್ತದೆ. ಇಂದು ಪಾಶ್ಚಾತ್ಯ ದೇಶಗಳಲ್ಲಿ ಬೇರಿನ ಸಂಗೀತವೆಂದು ಹೆಸರಿಟ್ಟುಕೊಂಡು, ಪೂರ್ವಿಕರ ಚಿಕಿತ್ಸಾವಿಧಿಗಳಿಂದ ಸ್ಫೂರ್ತಿ ಪಡೆದೆವೆಂದು ಹೇಳಿಕೊಳ್ಳುವ ಮೇಳಗಳು ಅನೇಕ ಇವೆ. ಅವುಗಳಿಗೆಲ್ಲ ಹಿರಿಯಣ್ಣನೆಂದರೆ ಮೊರಾಕ್ಕೊ ದೇಶದ ಗ್ನಾವ ಜನರು. ಅವರೂ ಮರುಭೂಮಿಯನ್ನು ದಾಟಿಸಿ ತಂದ ಗುಲಾಮರ ಸಂತತಿ. ‘ಲೀಲ’ ಎಂಬ ಅವರ ವಿಧಿ ರಾತ್ರಿಯಿಡೀ ನಡೆಯುತ್ತದೆ. (ಅರಬ್ಬೀಯಲ್ಲಿ ಲೀಲ ಎಂದರೆ ರಾತ್ರಿ; ನಮ್ಮ ಲೀಲೆಗೂ ಅದಕ್ಕೂ ಸಂಬಂಧವಿಲ್ಲ.) ಮೂರು ತಂತಿಯ ಗೆಂಬ್ರಿ, ಕಬ್ಬಿಣದ ಚಿಟಿಕೆಗಳು, ಏಳು ಬಣ್ಣಗಳು, ಒಂದೊಂದು ಬಣ್ಣಕ್ಕೆ ಒಂದೊಂದು ಗಣ. ರೋಗಿಯ ಮೈಮೇಲೆ ಬಂದ ಗಣ ಯಾವುದೆಂದು ಅರಿತು ಅದರ ರಾಗವನ್ನೇ ನುಡಿಸುತ್ತಾರೆ. ಅಮೆರಿಕದ ಪಿಯಾನೋ ವಾದಕ ರ್‍ಯಾಂಡಿ ವೆಸ್ಟನ್ ಇವರ ಜತೆಗೆ ವರ್ಷಗಟ್ಟಲೆ ಬೆರೆತರು. ೧೯೯೮ರಿಂದ ಎಸ್ಸುಯಿರಾ ಪಟ್ಟಣದಲ್ಲಿ ಗ್ನಾವ ಸಂಗೀತೋತ್ಸವ ನಡೆಯುತ್ತಿದೆ. ೨೦೧೯ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ತನ್ನ ಪಟ್ಟಿಯಲ್ಲಿ ಸೇರಿಸಿತು.

ಭಾಷೆ ಉಳಿಯದ ಕಡೆಗಳಲ್ಲಿ ಈ ಮದ್ದಿನ ಮದ್ದಳೆ ಏಕೆ ಉಳಿಯಿತು? ಇದೇ ನನಗೆ ಮುಖ್ಯವಾಗಿ ಕಂಡ ಪ್ರಶ್ನೆ. ಜಾನ್ ಜಾನ್ಸೆನ್ ಎಂಬ ಅಮೆರಿಕದ ವಿದ್ವಾಂಸರು ಙೋಮವನ್ನು ಕುರಿತು ೧೯೯೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಹೋದದ್ದು ಹಳ್ಳಿಗಾಡಿಗಲ್ಲ. ಕಿನ್ಶಾಸ, ದಾರ್ ಎಸ್ ಸಲಾಮ್, ಕೇಪ್‌ಟೌನ್ ಮೊದಲಾದ ಪಟ್ಟಣಗಳಿಗೆ. ಅಲ್ಲಿ ಅವರು ಕಂಡ ಕ್ರಮ ಹೀಗೆ: ನೋವಿರುವವನು ಬಂದಾಗ ಮದ್ದಳೆಯ ಸುತ್ತ ವರ್ತುಲವಾಗಿ ನಿಲ್ಲುತ್ತಾರೆ. ಅವನು ತನ್ನ ನೋವನ್ನು ಹೇಳುತ್ತಾನೆ, ಹಾಡುತ್ತಾನೆ. ಸುತ್ತಲಿನವರು ಹಾಡಿನಲ್ಲಿಯೇ ಉತ್ತರ ಕೊಡುತ್ತಾರೆ. ಒಂದು ರಾತ್ರಿಗೆ ಅದು ಮುಗಿಯುವುದಿಲ್ಲ. ರೋಗಿ ಆ ಗುಂಪಿಗೆ ಸೇರುತ್ತಾನೆ, ಶಿಷ್ಯನಾಗುತ್ತಾನೆ, ವರ್ಷಗಳ ಮೇಲೆ ತಾನೇ ಇನ್ನೊಬ್ಬನಿಗೆ ಗುರುವಾಗುತ್ತಾನೆ. ನೋವೇ ಅವನಿಗೆ ಪ್ರವೇಶಪತ್ರ. ನಂಟರನ್ನೂ ಊರನ್ನೂ ಬಿಟ್ಟು ಪಟ್ಟಣಕ್ಕೆ ಬಂದವನಿಗೆ ಹೊಸ ನಂಟರು ಹೀಗೆ ದೊರೆಯುತ್ತಾರೆ.

ಗುಲಾಮನಾಗಿ ಮಾರಲ್ಪಟ್ಟವನಿಗೆ ಎಲ್ಲಕ್ಕಿಂತ ಮೊದಲು ಕಳೆದುಹೋದದ್ದು ನಂಟರು. ಅವನ ಪಕ್ಕದಲ್ಲಿ ಕಟ್ಟಿದ ಇನ್ನೊಬ್ಬನ ಭಾಷೆ ಬೇರೆ, ಊರು ಬೇರೆ. ಆಡಲು ಮಾತಿಲ್ಲ. ಆದರೆ ತಾಳ ಹಾಕಿದರೆ ಇಬ್ಬರಿಗೂ ತಿಳಿಯುತ್ತದೆ. ಆದ್ದರಿಂದ ಭಾಷೆಯನ್ನು ಬಿಟ್ಟರೂ ಮದ್ದಳೆಯನ್ನು ಅವರು ಬಿಡಲಿಲ್ಲ, ಬಿಡುವಂತಿರಲಿಲ್ಲ ಎಂದು ನನ್ನ ಎಣಿಕೆ. ಮೂರು ಮತಗಳಿಗೆ ಹಂಚಿಹೋದ ಸಿದ್ದಿಗಳು ಡಮಾಮಿಯ ಸುತ್ತ ಇಂದಿಗೂ ಒಟ್ಟಿಗೆ ನಿಲ್ಲುವುದು ಇದಕ್ಕೆ ಸಾಕ್ಷಿ.

ಇದೆಲ್ಲ ಆಫ್ರಿಕದವರ ವಿಷಯ, ನಮಗೇನು ಎನ್ನುವಂತಿಲ್ಲ. ತುಳುನಾಡಿನಿಂದ ಬಂದು ಇಲ್ಲಿ ಹೋಟೆಲಿಟ್ಟ ಮನೆತನಗಳ ಹಿರಿಯ ಹೆಂಗಸರಿಗೆ ಸಿರಿ ಜಾತ್ರೆ ಗೊತ್ತು. ಆಲಡೆಗಳಲ್ಲಿ ಹುಣ್ಣಿಮೆಯ ರಾತ್ರಿ ನೂರಾರು ಹೆಂಗಸರು ಸೇರುತ್ತಾರೆ. ಗಂಡನ ಮನೆಯಲ್ಲಿ ಬಾಯಿ ಬಿಡಲಾಗದೆ ನವೆದ ಹುಡುಗಿಯ ಮೈಮೇಲೆ ಬಂದದ್ದನ್ನು ಕುಮಾರನು ಹಾಡಿ ಮಾತನಾಡಿಸಿ, ಅದು ಸಿರಿಯ ಬಳಗದಲ್ಲಿ ಯಾರೆಂದು ಹೆಸರು ಹೇಳಿಸುತ್ತಾನೆ. ಹೆಸರು ಸಿಕ್ಕಿದ ಮೇಲೆ ಅವಳು ಆ ಬಳಗಕ್ಕೆ ಸೇರಿದವಳು. ವರ್ಷವರ್ಷವೂ ಬರುತ್ತಾಳೆ, ತನ್ನ ತರುವಾಯ ಬಂದವಳ ಕೈ ಹಿಡಿಯುತ್ತಾಳೆ. ಜಾನ್ಸೆನ್ನರು ಕೇಪ್‌ಟೌನಿನಲ್ಲಿ ಕಂಡದ್ದಕ್ಕೂ ಇದಕ್ಕೂ ವ್ಯತ್ಯಾಸವೆಷ್ಟು? ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪಗೌಡರ ಜತೆಗೂಡಿ ೧೯೯೦ರಲ್ಲಿ ಧ್ವನಿಮುದ್ರಿಸಿಕೊಂಡು ೧೯೯೮ರಲ್ಲಿ ಪ್ರಕಟಿಸಿದರು. ಅದರ ಸಾಲುಗಳು ೧೫,೬೮೩. ಸವದತ್ತಿಯ ಕಡೆಯವರಿಗೆ ಚೌಡಿಕೆ ಇದೆ. ಅದನ್ನು ಹಿಡಿದು ಹಾಡಿದ ಮಂಜಮ್ಮ ಜೋಗತಿಯವರಿಗೆ ೨೦೨೧ರಲ್ಲಿ ಪದ್ಮಶ್ರೀ ಬಂತು. ಈ ತಮಿಳುನಾಡಿನಲ್ಲಿಯೂ ಅಮ್ಮನ ಗುಡಿಗಳಲ್ಲಿ ಉಡುಕ್ಕೈ, ಪಂಬೈ ಬಾರಿಸಿ ಮೈದುಂಬಿಸುವುದನ್ನು ಆಡಿ ತಿಂಗಳಲ್ಲಿ ನಮ್ಮ ಬೀದಿಗಳಲ್ಲೇ ನೋಡುತ್ತೇವೆ. ಸಾವಿನ ಮನೆಯ ಹಾಡೆಂದು ಮೂಗು ಮುರಿಯುತ್ತಿದ್ದ ಗಾನಾ ಹಾಡನ್ನು ೨೦೧೮ರ ಜನವರಿಯಲ್ಲಿ ಕೀಳ್ಪಾಕಿನ ಮೈದಾನದಲ್ಲಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಎಂಬ ಮೇಳದವರು ಪಾಶ್ಚಾತ್ಯ ವಾದ್ಯಗಳೊಡನೆ ಹಾಡಿದಾಗ ಊರಿನ ಹುಡುಗರೆಲ್ಲ ಅಲ್ಲಿದ್ದರು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳುವುದು ಒಳ್ಳೆಯದು. ಮದ್ದಳೆ ಬಾರಿಸಿದರೆ ವಿಷಮಶೀತ ಜ್ವರ ಹೋಗುವುದಿಲ್ಲ, ಕ್ಷಯರೋಗ ಹೋಗುವುದಿಲ್ಲ. ಅದಕ್ಕೆ ವೈದ್ಯರೂ ಔಷಧಿಯೂ ಬೇಕು. ಆಸ್ಪತ್ರೆ ದೂರವಾದ ಕಾಡಿನ ಜನಕ್ಕೆ ‘ನಿಮ್ಮ ಹಿರಿಯರ ಪದ್ಧತಿಯೇ ಚೆನ್ನ’ ಎಂದು ನಾವು ಪಟ್ಟಣದಲ್ಲಿ ಕುಳಿತು ಉಪದೇಶಿಸುವುದು ಅನ್ಯಾಯ. ಆದರೆ ದಿಕ್ಕಿಲ್ಲವೆಂಬ ಭಾವನೆ ಒಂದು ಕಾಯಿಲೆಯೇ ಆದರೆ, ಅದಕ್ಕೆ ಅಂಗಡಿಯಲ್ಲಿ ಗುಳಿಗೆ ದೊರೆಯುವುದಿಲ್ಲ. ಬೇರೆ ರಾಜ್ಯದಲ್ಲಿ ಬಾಡಿಗೆ ಮನೆ ಹಿಡಿದು ಮೊದಲ ವರ್ಷ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಿದ್ದಿಗಳನ್ನು ನಾಡು ನೋಡಿದ ಬಗೆ ಹೇಗೆ? ೧೯೮೭ರಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಮಂತ್ರಿಯಾಗಿದ್ದಾಗ, ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಓಟಗಾರರನ್ನಾಗಿ ಮಾಡುವ ಯೋಜನೆಯೊಂದು ಬಂತು. ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹುಡುಗರು ಹಳ್ಳಿಗಳಿಗೆ ಹಿಂದಿರುಗಿದರು. ಅವರ ಕಾಲುಗಳನ್ನು ನೋಡಿದವರು ಅವರ ಮನೆಯ ಮೂಲೆಯ ತೆಂಗಿನಕಾಯಿಯನ್ನು ನೋಡಲಿಲ್ಲ. ಇದಕ್ಕೆ ವಿರುದ್ಧವಾಗಿ, ೧೯೮೦ರ ದಶಕದಲ್ಲಿಯೇ ಹೆಗ್ಗೋಡಿನ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಯಲ್ಲಾಪುರದ ಬಳಿಯ ಮಂಚಿಕೇರಿಯಲ್ಲಿ ಸಿದ್ದಿಗಳನ್ನು ಸೇರಿಸಿ, ನೈಜೀರಿಯಾದ ಚಿನುವ ಅಚಿಬೆಯವರ ೧೯೫೮ರ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಕನ್ನಡದಲ್ಲಿ ಆಡಿಸಿದರು. ಆಫ್ರಿಕದ ಕಥೆ, ಆಫ್ರಿಕದ ಮುಖಗಳು, ಕನ್ನಡದ ಮಾತು. ಆ ಪ್ರದೇಶದಿಂದ ಗಿರಿಜಾ ಸಿದ್ದಿ, ಪರಶುರಾಮ ಸಿದ್ದಿಯಂಥ ಕಲಾವಿದರು ರಂಗಭೂಮಿಗೆ ಬಂದರು. ಒಂದು ಸಣ್ಣ ಊರಿನ ರಂಗಭೂಮಿ ಮಾಡಿದ ಈ ಕೆಲಸ ನನ್ನ ದೃಷ್ಟಿಯಲ್ಲಿ ಆ ಕ್ರೀಡಾ ಯೋಜನೆಗಿಂತ ದೊಡ್ಡದು. ಏಕೆಂದರೆ ಅದು ಅವರನ್ನು ಮಾತನಾಡಲು ಬಿಟ್ಟಿತು.

ರಾಜ್ಯೋತ್ಸವದ ಮೆರವಣಿಗೆಗಳಲ್ಲಿ, ಸರ್ಕಾರಿ ಉತ್ಸವಗಳ ವೇದಿಕೆಗಳಲ್ಲಿ ಡಮಾಮಿ ಈಗ ಅಪರೂಪವಲ್ಲ. ಎಲೆಯ ಉಡುಪು, ಮೈಗೆ ಬಳಿದ ಬಣ್ಣದ ಗೆರೆ, ಎಂಟು ನಿಮಿಷ, ಚಪ್ಪಾಳೆ. ಮನೆಯಲ್ಲಿ ಸಿದ್ದಿ ಹೆಂಗಸು ಉಡುವುದು ಸೀರೆ, ಗಂಡಸು ತೊಡುವುದು ಅಂಗಿ. ಎಲೆಯ ಉಡುಪು ನೋಡುವವರ ಕಣ್ಣಿಗಾಗಿ ಹುಟ್ಟಿದ್ದು. ಇವರು ಆಫ್ರಿಕದವರೆಂದು ಪರಿಚಯ ಮಾಡಿಕೊಡುವ ನಿರೂಪಕರ ಮಾತಿನಲ್ಲಿ ಸುಳ್ಳೇನೂ ಇಲ್ಲವಾದರೂ, ನಾನ್ನೂರು ವರ್ಷ ನಮ್ಮ ನೆಲದಲ್ಲಿ ದುಡಿದವರನ್ನು ನಿನ್ನೆ ಹಡಗಿನಿಂದಿಳಿದವರಂತೆ ತೋರಿಸಿದರೆ ಅವರು ಯಾವಾಗ ಕನ್ನಡಿಗರಾಗುವುದು? ‘ನೀವು ಕರ್ನಾಟಕದವರಾ, ಹಾಗಾದರೆ ಇಲ್ಲಿ ಎಷ್ಟು ದಿನ?’ ಎಂಬ ಪ್ರಶ್ನೆಗೆ ಮೂರು ತಲೆಮಾರಿನಿಂದ ಈ ಊರಿನಲ್ಲಿ ಉತ್ತರ ಕೊಡುತ್ತ ಬಂದವರು ನಾವು. ಸಿದ್ದಿಗೆ ಅದೇ ಪ್ರಶ್ನೆ ತನ್ನ ಊರಿನಲ್ಲಿಯೇ ಎದುರಾಗುತ್ತದೆ.

೨೦೨೧ರಲ್ಲಿ ತೆರೆಕಂಡ ‘ಸಲಗ’ ಚಿತ್ರದಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿಯವರು ಹಾಡಿದ ಹಾಡೊಂದು ನಾಡೆ ಜನಪ್ರಿಯವಾಯಿತು. ಚರಣ್ ರಾಜ್ ಅವರ ಸಂಗೀತ.  ನಮ್ಮ ಮನೆಗಳ ಮದುವೆ, ನಾಮಕರಣಗಳಲ್ಲಿ ಆ ಹಾಡಿಗೆ ಕುಣಿದ ಮಕ್ಕಳಿಗೆ ಅದು ಎಲ್ಲಿಯ ದನಿ, ಯಾರ ದನಿ ಎಂದು ಹೇಳಿದವರು ಕಡಿಮೆ.

ನಮ್ಮಂತಹ ಸಂಘಗಳು ಮುಂದೊಮ್ಮೆ ಡಮಾಮಿಯವರನ್ನು ಕರೆಸುವುದಾದರೆ ಕಷ್ಟವೇನೂ ಇಲ್ಲ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು ಎಪ್ಪತ್ತು ಕಿಲೋಮೀಟರು, ಅಲ್ಲಿ ರೈಲು ಹತ್ತಿದರೆ ಮರುದಿನ ಇಲ್ಲಿ. ಒಂದೇ ಕೋರಿಕೆ. ಭಾಷಣಗಳಿಗೂ ಬಹುಮಾನ ವಿತರಣೆಗೂ ನಡುವೆ ಎಂಟು ನಿಮಿಷ ಕೊಟ್ಟು ಕಳುಹಿಸಬಾರದು. ಒಂದು ಸಂಜೆ ಪೂರ್ತಿ ಅವರದಾಗಿರಲಿ. ಉಡುಪು ಅವರ ಇಷ್ಟದ್ದಾಗಿರಲಿ. ಬಂದವರಲ್ಲಿ ವಯಸ್ಸಾದ ಅಮ್ಮಂದಿರಿದ್ದರೆ ಕುರ್ಚಿಯ ಮೊದಲ ಸಾಲು ಅವರಿಗೆ. ಬಾರಿಸುವ ಮುನ್ನ ಹಿರಿಯರಿಗೆ ಕಾಯಿ ಇಡಬೇಕೆಂದು ಅವರು ಕೇಳಿದರೆ, ಮೈಕು ಸರಿಪಡಿಸುವ ಗಡಿಬಿಡಿಯಲ್ಲಿ ಅದನ್ನು ಮುಂದಕ್ಕೆ ಹಾಕದೆ, ಮೊದಲು ಆ ಕಾಯಿಗೆ ಜಾಗ ಮಾಡಿಕೊಡಬೇಕು.